ಪಕ್ಕದ ದನಿ

॥ ಶ್ರೀ ॥

ಇಂಡಿ
೨೦ ನವೆಂಬರ್ ೨೦೨೪

ಪ್ರೀತಿಯ ವಿದ್ಯಾ,

ನಮ್ಮ ಮನೆಯಲ್ಲಿ ಎಲ್ಲರೂ ಉಂಡುಟ್ಟು ಚೆನ್ನಾಗಿದ್ದೇವೆ. ನೀನು, ನಿನ್ನ ಮಗಳು, ಅಳಿಯ, ನಿನ್ನ ನಿದ್ದೆಯನ್ನೆಲ್ಲ ತಾನೇ ತಿಂದು ಬೆಳೆಯುತ್ತಿರುವ ಆ ಮೊಮ್ಮಗಳು, ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ದೀಪಾವಳಿಗೆ ನೀನು ಕಳಿಸಿದ ಫೇಡೆ ಮುಟ್ಟಿತು. ಮುಟ್ಟಿತೆಂದು ಒಂದು ಸಾಲು ಬರೆಯದೆ ಇಷ್ಟು ದಿನ ಸುಮ್ಮನೆ ಕೂತದ್ದಕ್ಕೆ ಬೈದುಬಿಡು. ನಿಂಬೆಹಣ್ಣಿನ ಉಪ್ಪಿನಕಾಯಿ ಹಾಕುವ ಗಡಿಬಿಡಿ, ಬೆರಳಿನ ಸಂದುನೋವು ಎಂದು ನೆವ ಹೇಳಬಹುದು. ನಿಜವೆಂದರೆ ಹೇಳಬೇಕಾದದ್ದು ಬಹಳ ಇತ್ತು, ಫೋನಿನಲ್ಲಿ ಮಗುವಿನ ಅಳುವಿನ ನಡುವೆ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಕಾಗದ.

ನಮ್ಮ ರಿನಿಯ ಸುದ್ದಿ. ಅರ್ಧ ನಿನಗೆ ಗೊತ್ತು, ಅರ್ಧ ನೀನು ಹೋಳಿಯ ಮುಂದೆ ಧಾರವಾಡಕ್ಕೆ ಹೊರಟ ಮೇಲಿನದು. ಮೊದಲಿನಿಂದಲೇ ಹೇಳುತ್ತೇನೆ, ನನಗೂ ಒಮ್ಮೆ ಕ್ರಮವಾಗಿ ನೆನೆಯಬೇಕಾಗಿದೆ.

ಬ್ಯಾಂಕಿನವರು ನಮ್ಮ ಸುಶ್ರುತನನ್ನು ಮಿಜೋರಾಮಿನ ಐಜ್ವಾಲಕ್ಕೆ ಹಾಕಿದಾಗ ನಮ್ಮ ಮನೆಯವರು ಸಾಲಿಯ ಅಟ್ಲಾಸು ತೆಗೆದು ಆ ಊರನ್ನು ಹುಡುಕಿದ್ದು ನೆನಪಿದೆಯಲ್ಲ? ಮೂರು ವರ್ಷದ ಮೇಲೆ ಮಗ ದೇವರ ಹಿಪ್ಪರಗಿಯ ಶಾಖೆಗೆ ವರ್ಗವಾಗಿ ಬಂದ. ಬರುವಾಗ ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಲಾಲ್‌ರಿನ್‌ಪುಯಿಯನ್ನು ಮದುವೆಯಾಗಿ ಕರೆತಂದ. ಮನೆ ತುಂಬಿಸಿಕೊಳ್ಳುವ ದಿನ ನಮ್ಮ ಪುರೋಹಿತರು, ಈ ಹೆಸರು ಯಾರ ಬಾಯಿಗೂ ಹೊರಳುವುದಿಲ್ಲ, ಅಕ್ಕಿಯಲ್ಲಿ ‘ರುಕ್ಮಿಣಿ’ ಎಂದು ಬರೆಸೋಣ ಎಂದರು. ಅವಳು ಸುಶ್ರುತನ ಕಡೆ ತಿರುಗಿ ಮೆಲ್ಲಗೆ ಏನೋ ಕೇಳಿದಳು. ಅವನು, “ತನ್ನ ಹೆಸರಿಗೆ ಪ್ರಭುವನ್ನ ನಂಬಿದಾಕಿ ಅಂತ ಅರ್ಥ ಅದ, ಅದು ಸಾಲೂದಿಲ್ಲೇನು ಅಂತ ಕೇಳ್ಲಿಕ್ಹತ್ಯಾಳ” ಎಂದ. ಅಕ್ಕಿಯಲ್ಲಿ ಅವಳ ಹೆಸರೇ ಬಂತು. ತಟ್ಟೆ ಸಾಲದೆ ಎರಡು ಸಾಲು ಮಾಡಿ ಬರೆದರು. ಮನೆಯ ಮಟ್ಟಿಗೆ ಅವಳು ರಿನಿಯಾದಳು.

ಇಲ್ಲಿ ಇಂಡಿಯಲ್ಲೇ ಅವಳಿಗೆ ಒಂದು ಖಾಸಗಿ ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ಹಾಗಾಗಿ ಅವಳ ಬಾಯಿಗೆ ಮೊದಲು ಹತ್ತಿದ ಕನ್ನಡವೆಲ್ಲ ದವಾಖಾನೆಯದು. ಒಂದು ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಎದ್ದ ಇವರನ್ನು, “ಎಲ್ಲಿ ನೋಯಾಕತ್ತೈತ್ರಿ?” ಎಂದು ಕೇಳಿದಳು. ಹೇಗಿದ್ದೀರಿ ಎಂದು ವಿಚಾರಿಸಿದ್ದೆಂದು ಅವಳ ಭಾವನೆ. ಇವರು ಮಾತನ್ನು ಬಿಟ್ಟು ವ್ಯಾಕರಣ ಹಿಡಿದರು. “ಐತಿ ಅನಬಾರದವಾ, ನಮ್ಮ ಮನ್ಯಾಗ ಅದ ಅಂತೀವಿ.” ಅವಳು ಸ್ವಲ್ಪ ಯೋಚಿಸಿ, “ಪೇಷಂಟ್ ಎಲ್ಲಾರೂ ಐತಿ ಅಂತಾರ್ರಿ” ಎಂದಳು. ಊರು ದೊಡ್ಡದೋ ನಮ್ಮ ಮನೆ ದೊಡ್ಡದೋ? ಅವಳು ಐತಿಯನ್ನೇ ಇಟ್ಟುಕೊಂಡಳು.

ಊರಿನವರು ಏನೇನು ಕೇಳಿದರೆಂದು ನಿನಗೆ ಗೊತ್ತು. ಬಸ್‌ಸ್ಟ್ಯಾಂಡಿನ ಗೋಬಿ ಮಂಚೂರಿ ಗಾಡಿಯವನು ತನ್ನ ಕಡೆಯವಳೆಂದು ತಿಳಿದು ನೇಪಾಳಿಯಲ್ಲಿ ಮಾತಾಡಿಸಿದ. ದವಾಖಾನೆಯಲ್ಲಿ ಒಬ್ಬ ಮುದುಕ ಇಂಜೆಕ್ಷನ್ನಿಗೆ ತೋಳು ಕೊಡದೆ ಮುಚ್ಚಿಕೊಂಡು, “ಯಾವ ದೇಶದಾಕಿವಾ ನೀನು?” ಎಂದನಂತೆ. ಇವಳು “ಇಂಡಿಯಾ” ಎಂದಳು. ಅವನಿಗೆ ‘ಇಂಡಿ’ ಎಂದು ಕೇಳಿಸಿ, “ಇಂಡ್ಯಾಗ ಯಾರ ಪೈಕಿ?” ಎಂದು ಕೇಳಿದನಂತೆ. ರಾತ್ರಿ ಊಟಕ್ಕೆ ಕೂತಾಗ ಅವಳು ಇದನ್ನು ಹೇಳಿ ಹೇಳಿ ನಕ್ಕಳು. ಎಲ್ಲ ದಿನವೂ ನಗುವಂಥದಾಗಿರಲಿಲ್ಲ. ಸಾಲಿ ಬಿಟ್ಟ ಹೊತ್ತಿಗೆ ಮಕ್ಕಳು ಕಣ್ಣು ಜಗ್ಗಿ ತೋರಿಸುತ್ತಾರೆಂದು ಅವಳು ಹಿಂದಿನ ಓಣಿಯಿಂದ ಸುತ್ತಿ ಬರುವುದು ನನಗೆ ತಡವಾಗಿ ತಿಳಿಯಿತು. ಆದರೆ ಸಂತೆಯಲ್ಲಿ ಪುಂಡಿಪಲ್ಲೆ ಕಂಡ ದಿನ ಕಟ್ಟನ್ನು ಎದೆಗವಚಿಕೊಂಡು ನಿಂತಳು. ಅವರ ಗುಡ್ಡದಲ್ಲೂ ಅದೇ ಸೊಪ್ಪಂತೆ, ಹೆಸರು ಅಂಥೂರ್.

ಅವಳ ಗುನುಗು ಕೇಳಿದಾಗ ನನ್ನ ಕುತೂಹಲ ಕೆರಳಿತು. ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಚುವಾಗ ಒಂದೇ ಗುನುಗು. ಗ ಗ ಮ ಗ, ಗ ಗ ರಿ ಗ. ಮೂರು ಸ್ವರದ ಸುತ್ತಲೇ ಸುತ್ತುತ್ತಿತ್ತು, ಬಾಗಿಲು ಸಿಗದೆ ಅಂಗಳದಲ್ಲೇ ತಿರುಗುವವರ ಹಾಗೆ. ಏರುವುದಿಲ್ಲ, ಇಳಿಯುವುದಿಲ್ಲ, ಎಲ್ಲಿಯೂ ಮುಗಿಯುವುದೂ ಇಲ್ಲ. ಇಷ್ಟು ವರ್ಷ ಹಾರ್ಮೋನಿಯಂ ಪೇಟಿ ಬಾರಿಸಿದ ನನಗೆ ಇದು ಯಾವ ಜಾತಿಯ ಹಾಡೆಂದು ತಿಳಿಯಲಿಲ್ಲ. ಒಂದು ದಿನ ತಡೆಯಲಾರದೆ ಕೇಳಿದೆ. “ಇದೇನವಾ, ಹಾಡು ಇಷ್ಟೇ ಏನು?”

ಅವಳು ನಕ್ಕಳು. “ಇದು ಹಾಡಲ್ರಿ ಆಯಿ. ಹಾಡಿನ ಬಾಜೂಕಿಂದು.”

ಅರ್ಧ ಹಿಂದಿ, ಕಾಲು ಕನ್ನಡ, ಉಳಿದದ್ದು ಕೈಸನ್ನೆ. ಅವಳು ಹೇಳಿದ್ದು ಇಷ್ಟು. ಅವರ ಚರ್ಚಿನಲ್ಲಿ ನಾಲ್ಕು ಬಗೆಯ ದನಿಗಳು ಕೂಡಿ ಹಾಡುತ್ತವೆ. ಹಾಡೆಂದು ನಾವು ಯಾವುದನ್ನು ಕರೆಯುತ್ತೇವೋ ಅದು ಮೇಲಿನ ದನಿಯವರದು. ಅವಳ ತಾಯಿ ಆ ಸಾಲಿನವರು. ಇವಳದು ಎರಡನೆಯದು, ಆಲ್ಟೊ, ಥೇಟು ಕಾರಿನ ಹೆಸರು. ಆ ಸಾಲಿನವರು ಹಾಡಿನ ಪಕ್ಕದಲ್ಲಿ ಕೆಳಗಿನ ಸ್ವರಗಳನ್ನು ಹಿಡಿದು ನಡೆಯುತ್ತಾರೆ. ಸಣ್ಣಂದಿನಿಂದ ಅವಳು ಹಾಡಿದ್ದು ಇದೊಂದೇ. ತಾಯಿ ಮೇಲೆ, ಮಗಳು ಪಕ್ಕದಲ್ಲಿ. ತಾಯಿ ಇಲ್ಲದಲ್ಲಿ ಮಗಳ ಬಾಯಿಂದ ಹಾಡಿನ ಮಗ್ಗುಲು ಮಾತ್ರ ಬರುತ್ತದೆ, ಹಾಡು ಬರುವುದಿಲ್ಲ. “ಅದಕ್ಕ ಇಲ್ಲಿ ನಂದು ಹಾಡs ಇಲ್ರಿ” ಎಂದಳು, ಅಳುಮೋರೆಯಿಂದಲ್ಲ, ಸಕ್ಕರೆ ಮುಗಿದಿದೆ ಎನ್ನುವ ಹಾಗೆ.

ನಾನು ಪೇಟಿಯ ಬಳಿ ಕೂರಿಸಿಕೊಂಡೆ. ಸಾ ಬಾರಿಸಿದೆ. “ಡೊ” ಎಂದಳು. ಬೇರೆ ಪಟ್ಟಿಯನ್ನು ಒತ್ತಿ ಅಲ್ಲಿ ಸಾ ಹಿಡಿದೆ. ಅಲ್ಲಿಯೂ “ಡೊ”. ಅವರ ಡೊ ಕೂಡ ನಮ್ಮ ಸಾ ಹಾಗೆಯೇ ಕೂರಿಸಿದಲ್ಲಿ ಕೂರುತ್ತದೆ! ರೆ ಎಂದರೆ ರಿ, ಮಿ ಎಂದರೆ ಗ. ಬ್ರಿಟಿಷ್ ಪಾದ್ರಿಗಳು ಕಲಿಸಿ ಹೋದದ್ದಂತೆ, ಈಗ ಅಲ್ಲಿ ಸೊಪ್ಪು ಮಾರುವವರಿಗೂ ಬರುತ್ತದಂತೆ. ಅವಳ ಗ ಮೇಲೆ ನಾನು ಪ ಇಟ್ಟು ಎರಡನ್ನೂ ಒಟ್ಟಿಗೆ ಒತ್ತಿದೆ. ವಿದ್ಯಾ, ನಲವತ್ತು ವರ್ಷ ಎರಡು ಪಟ್ಟಿ ಒಟ್ಟಿಗೆ ಒತ್ತಿದರೆ ತಪ್ಪು ಎಂದೇ ಕೈ ಕಲಿತಿತ್ತು. ಅವತ್ತು ತಪ್ಪು ಅನ್ನಿಸಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಎರಡು ಕೋಣೆಯಲ್ಲಿ ಮಾತಾಡುತ್ತಿರುವ ಹಾಗೆ ಕೇಳಿಸಿತು.

ಅವಳು ಪೇಟಿಯನ್ನು ಸವರಿ, ತಮ್ಮ ಚರ್ಚಿನಲ್ಲೂ ಇಂಥದೊಂದಿತ್ತು, ಕಾಲಿನಿಂದ ತುಳಿಯುವಂಥದು ಎಂದಳು. “ಇದು ಮಿರಜಿನದು, ನಮ್ಮದು” ಎಂದೆ ನಾನು ಜಂಬದಿಂದ. ಆಚೆ ಪೇಪರು ಓದುತ್ತಿದ್ದ ಇವರು, “ಮಿರಜಿನ್ಯಾಗ ಮಾಡಿದ್ದು ಖರೆ, ಪೇಟಿ ಬಂದದ್ದು ವಿಲಾಯತಿಂದ. ಅಷ್ಟೂ ಗೊತ್ತಿಲ್ಲೇನ ನಿನಗ?” ಎಂದರು. ಗೊತ್ತಿರಲಿಲ್ಲ. ನಾನು ಪೇಟಿ ಪಂಢರಪುರದಲ್ಲೇ ಹುಟ್ಟಿತೆಂದು ತಿಳಿದಿದ್ದೆ. ರಿನಿಯದು ಇನ್ನೊಂದು ಕಥೆ. ಅವಳ ಮುತ್ತಜ್ಜಿಯರ ಕಾಲದ ಹಾಡುಗಳನ್ನು ಪಾದ್ರಿಗಳು ಬೇಡವೆಂದರಂತೆ, ಡೋಲನ್ನೂ ಬೇಡವೆಂದರಂತೆ. ಹಾಡು ಬಹಳಷ್ಟು ಮರೆತುಹೋದವು, ಡೋಲು ಮಾತ್ರ ಎಷ್ಟೋ ವರ್ಷದ ಮೇಲೆ ಹಟ ಹಿಡಿದು ಚರ್ಚಿನೊಳಗೆ ಬಂತಂತೆ. “ಹಂಗಾದ್ರ ಈ ಬಾಜೂಕಿನ ಹಾಡು ನಿಮ್ಮದೋ ಪಾದ್ರಿಗಳದೋ?” ಎಂದೆ. “ನಮ್ಮವ್ವ ಹಾಡ್ತಾಳ, ಅವ್ರವ್ವ ಹಾಡ್ತಿದ್ಲು. ಮತ್ತ ಯಾರದು?” ಎಂದು ನನ್ನನ್ನೇ ಕೇಳಿದಳು. ಎಷ್ಟು ಜನ ತಾಯಂದಿರು ಹಾಡಿದರೆ ಹೊರಗಿನದು ನಮ್ಮದಾಗುತ್ತದೆ? ಇದನ್ನು ನಿನ್ನ ಹತ್ತಿರ ಕೇಳಬೇಕೆಂದು ಆವತ್ತೇ ಅಂದುಕೊಂಡಿದ್ದೆ.

ರಜೆಯ ದಿನ ತಾಯಿ ಮಗಳು ವಿಡಿಯೋ ಕಾಲಿನಲ್ಲಿ ಕೂಡಿ ಹಾಡಲು ನೋಡುತ್ತಿದ್ದರು. ಆಗುತ್ತಿರಲಿಲ್ಲ. ತಾಯಿಯ ದನಿ ಇಂಡಿ ಮುಟ್ಟುವಷ್ಟರಲ್ಲಿ ಮಗಳು ಮುಂದಿನ ಸ್ವರದಲ್ಲಿರುತ್ತಿದ್ದಳು. ತಾಯಿ ಕಾಯುತ್ತಿದ್ದರು, ಮಗಳೂ ಕಾಯುತ್ತಿದ್ದಳು, ಇಬ್ಬರೂ ಒಟ್ಟಿಗೆ ಶುರು ಮಾಡಿ ಮತ್ತೆ ತಪ್ಪುತ್ತಿದ್ದರು. ಕೊನೆಗೆ ನಕ್ಕು, ಏನು ಅಡಿಗೆ ಎಂದು ಮಾತಾಡಿಕೊಂಡು ಇಡುತ್ತಿದ್ದರು.

ಅದನ್ನು ನೋಡಿಯೇ ನಾನು ಅವಳನ್ನು ನಮ್ಮ ಭಜನಾ ಮಂಡಳಿಗೆ ಕರೆದುಕೊಂಡು ಬಂದದ್ದು. ಫೆಬ್ರುವರಿಯ ಆ ಏಕಾದಶಿ ನಿನಗೆ ನೆನಪಿರಬೇಕು, ವಿಠೋಬನ ಗುಡಿಯಲ್ಲಿ ನೀನು ಎಂದಿನಂತೆ ನನ್ನ ಎಡಕ್ಕೆ ಕೂತಿದ್ದೆ. ಭೂಪ ರಾಗದ ಭಜನೆ ಎತ್ತಿದೆವು. ಎರಡನೆಯ ಸುತ್ತಿಗೆ ಹಿಂದಿನಿಂದ ರಿನಿಯ ದನಿ ಬಂತು, ಮೆಲ್ಲಗೆ, ನಮ್ಮ ಸಾಲಿನ ಕೆಳಗೆ. ಯಾರೂ ಹೇಳಿಕೊಡದೆ ತಾನೇ ದಾರಿ ಹುಡುಕಿಕೊಂಡು ಬರುತ್ತಿದ್ದಳು. ನನಗೆ ಮೈ ಜುಮ್ಮೆಂದಿತು. ಆದರೆ ಸುತ್ತಲಿನವರು ಒಬ್ಬೊಬ್ಬರೇ ನಿಂತರು. ರಾಜೇಶ್ವರಿ ತಾಳ ಕೆಳಗಿಟ್ಟು, “ಯಾಕವಾ, ಸೂರು ತಪ್ಪಾಕತ್ತೈತಿ. ಹಾಡಾಕ ಬರ್ದಿದ್ರ ಸುಮ್ನ ಚಪ್ಪಾಳಿ ಹೊಡಿ” ಎಂದಳು. ನಾನು ವಿವರಿಸಲು ಹೋದೆ. “ಇಬ್ಬರು ಬ್ಯಾರೆ ಬ್ಯಾರೆ ಹಾಡಿದ್ರ ಭಜನಿ ಹೆಂಗಾಗ್ತೈತ್ರಿ ಬಾಯಾರ? ಒಂದs ದನಿ ಆಗ್ಲಿ ಅಂತನs ಅಲ್ಲೇನು ನಾವು ಕೂಡಿ ಕುಂದ್ರೂದು?” ಎಂದಳು. ಕೆಟ್ಟ ಮಾತೇನಲ್ಲ, ನ್ಯಾಯವಾದ ಪ್ರಶ್ನೆಯೇ. ರಿನಿ ಬಾಯಿ ಮುಚ್ಚಿದಳು.

ಆಮೇಲೆ ಒಂದು ವಾರ ಹೋಗಿರಬೇಕು. ಮನೆಯಲ್ಲಿ ಗುನುಗು ನಿಂತಿದೆ ಎಂದು ಒಂದು ದಿನ ಇದ್ದಕ್ಕಿದ್ದಂತೆ ನನ್ನ ಗಮನಕ್ಕೆ ಬಂತು. ಪಾತ್ರೆಯ ಸದ್ದು ಇದೆ, ನಲ್ಲಿಯ ಸದ್ದು ಇದೆ, ಅದಿಲ್ಲ. ಕೇಳಿದರೆ “ಏನಿಲ್ರಿ ಆಯಿ” ಅಷ್ಟೇ. ಪೇಟಿಯ ಕಡೆ ಬರುವುದನ್ನೂ ಬಿಟ್ಟಳು. ಆಷಾಢ ಮುಗಿಯುವವರೆಗೂ ಅವಳ ಬಾಯಿಂದ ನಾನು ಒಂದು ಸ್ವರ ಕೇಳಲಿಲ್ಲ.

ಇನ್ನು ನಾನು ಮಾಡಿದ ಕೆಲಸ ಕೇಳು, ನಗಬೇಡ. ಸೆಪ್ಟೆಂಬರಿನಲ್ಲಿ ಅವಳ ಹುಟ್ಟಿದ ದಿನ. ಅಷ್ಟರಲ್ಲಿ ಆ ಗುನುಗಿನ ಹಾಡಿನಲ್ಲಿ ಅವಳ ತಾಯಿಯ ಸಾಲನ್ನು ನಾನು ಕಲಿತುಬಿಟ್ಟರೆ? ಮಗಳಿಗೆ ಮಗ್ಗುಲಿದೆ, ಹಾಡಿಲ್ಲ. ಹಾಡನ್ನು ನಾನು ತಂದಿಟ್ಟರೆ ಅವಳು ಪಕ್ಕದಲ್ಲಿ ನಡೆಯಬಹುದಲ್ಲ. ರಿನಿ ಡ್ಯೂಟಿಗೆ ಹೋದ ಮಧ್ಯಾಹ್ನ ಬೀಗತಿಗೆ ವಿಡಿಯೋ ಕಾಲು ಹಚ್ಚಲು ಸುಶ್ರುತ ಕಲಿಸಿಕೊಟ್ಟ. ಅವರದು ಐಜ್ವಾಲದ ಪೇಟೆಯಲ್ಲಿ ಸೊಪ್ಪು ತರಕಾರಿಯ ಅಂಗಡಿ. ಅವರಿಗೆ ಕನ್ನಡ, ಹಿಂದಿ ಎರಡೂ ಇಲ್ಲ, ನನಗೆ ಮಿಜೋ ಇಲ್ಲ. ನಮ್ಮಿಬ್ಬರ ನಡುವೆ ಇದ್ದ ಭಾಷೆಯೆಂದರೆ ಏಳು ಸ್ವರ. ಅವರು “ಸೊ ಸೊ ಲಾ ಸೊ” ಎನ್ನುವರು, ನಾನು “ಪ ಪ ಧ ಪ” ಎನ್ನುವೆ. ನಾನು ನಮ್ಮ ರೂಢಿಯಂತೆ ಸ್ವರದಿಂದ ಸ್ವರಕ್ಕೆ ಎಳೆದುಕೊಂಡು ಹೋದರೆ ಅವರು ಸೊಪ್ಪಿನ ಕಟ್ಟು ಎತ್ತಿ ಹೊಡೆಯುವ ಹಾಗೆ ಬೀಸುತ್ತಿದ್ದರು. ಎಳೆಯಬಾರದು, ಮೆಟ್ಟಿಲ ಮೇಲೆ ಕಾಲಿಟ್ಟಂತೆ ಇಡಬೇಕು. ಗಿರಾಕಿ ಬಂದರೆ ತೂಕ ಮಾಡಿಕೊಟ್ಟು ಮತ್ತೆ ಬರುವರು. ಕೊನೆಯ ಸಾಲಿಗೆ ಮುಂಚೆ ಒಂದು ಗಳಿಗೆ ಉಸಿರು ಹಿಡಿದು ನಿಲ್ಲುವ ಅಭ್ಯಾಸ ಅವರಿಗೆ. ಹಾಡಿನಲ್ಲಿ ಅದು ಇದೆಯೋ ಇಲ್ಲವೋ, ನಾನೂ ಹಾಗೆಯೇ ಕಲಿತೆ.

ಅರ್ಥವನ್ನು ಸುಶ್ರುತ ಹೇಳಿದ. ಬೆಟ್ಟದ ಈ ಮಗ್ಗುಲಲ್ಲಿ ಹೊತ್ತು ಮುಳುಗಿತು, ಆ ಮಗ್ಗುಲಲ್ಲಿ ನೀನು ದೀಪ ಹಿಡಿದು ನಿಂತಿರು ಎಂದು ದೇವರಿಗೆ ಹೇಳುವುದಂತೆ. ಅವರ ದೇವರ ಹೆಸರು ಪಥಿಯಾನ್. ನಾನು ಹಾಡುವಾಗ ವಿಠ್ಠಲನನ್ನೇ ನೆನೆದೆ. ಬೀಗತಿ ಅದನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಗಸ್ಟಿನಲ್ಲಿ ಹಾಡು ಪೂರ್ತಿ ಬಂತು. ನಾನು ಎಲ್ಲೂ ನಿಲ್ಲದೆ ಹಾಡಿದ ದಿನ ಆಕೆ ಅಂಗಡಿಯ ಅಕ್ಕಪಕ್ಕದವರನ್ನೆಲ್ಲ ಕರೆದು ಫೋನಿನಲ್ಲಿ ನನ್ನನ್ನು ತೋರಿಸಿದರು. ಎಲ್ಲರೂ ಕೈಬೀಸಿದರು. ಅದಾಗಿ ನಾಲ್ಕು ದಿನಕ್ಕೆ ಬೆಳಿಗ್ಗೆ ಅಂಗಡಿ ತೆರೆಯುವಾಗ ಕುಸಿದರಂತೆ. ದವಾಖಾನೆ ಮುಟ್ಟುವ ಮೊದಲೇ ಮುಗಿದಿತ್ತು.

ಅವರಲ್ಲಿ ಮರುದಿನವೇ ಮಣ್ಣು ಮಾಡುತ್ತಾರೆ. ಇಲ್ಲಿಂದ ಹೈದರಾಬಾದು, ಕೊಲ್ಕತ್ತ ದಾಟಿ ಹೋಗಬೇಕು, ಅಲ್ಲಿ ಮಳೆಗೆ ಗುಡ್ಡ ಜರಿದು ವಿಮಾನ ನಿಲ್ದಾಣದ ರಸ್ತೆಯೇ ಮುಚ್ಚಿತ್ತು. ಸುಶ್ರುತ ಟಿಕೆಟ್ಟಿಗಾಗಿ ಎಲ್ಲೆಲ್ಲೋ ಫೋನು ಹಚ್ಚಿದ. ರಿನಿಯೇ, “ಬ್ಯಾಡ ಬಿಡ್ರಿ, ಮುಟ್ಟೂದಿಲ್ಲ” ಎಂದಳು. ನರ್ಸಲ್ಲವೇ, ಆಗದಿರುವುದನ್ನು ಬೇಗ ತಿಳಿಯುತ್ತಾಳೆ.

ಅವರ ಕಡೆ ಸಾವಿನ ಮನೆಗೆ ಕೇರಿಯವರೆಲ್ಲ ಬಂದು ಹಾಡುತ್ತಾರೆ. ಅತ್ತವರನ್ನು ಹಾಡಿನೊಳಗೆ ಕೂರಿಸಿಕೊಳ್ಳುತ್ತಾರೆ, ಒಬ್ಬರನ್ನೇ ಬಿಡುವುದಿಲ್ಲ. ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಅವಳು ಅದನ್ನು ಫೋನಿನಲ್ಲಿ ನೋಡುತ್ತಿದ್ದಳು. ಡೋಲಿನ ಸದ್ದು, ಮನೆ ತುಂಬ ಜನ, ನಡುವೆ ಹೂವಿನಲ್ಲಿ ಮುಚ್ಚಿದ ಪೆಟ್ಟಿಗೆ. ಇವಳು ಕೂಡಿ ಹಾಡಲು ಬಾಯಿ ತೆರೆದಳು. ಬಂದದ್ದು ಅದೇ ಮೂರು ಸ್ವರ. ಅಷ್ಟರಲ್ಲಿ ಚಿತ್ರ ನಿಂತಿತು, ಸದ್ದು ತುಂಡಾಯಿತು, ನೆಟ್‌ವರ್ಕ್ ಹೋಯಿತು. ಅವಳು ಫೋನನ್ನು ತೊಡೆಯ ಮೇಲೆ ಬೋರಲು ಇಟ್ಟಳು.

“ಆಯಿ, ಅಲ್ಲಿ ಎಲ್ಲಾರೂ ಹಾಡಾಕತ್ತಾರ್ರಿ. ನನ್ನ ಪಾಲಿಂದು ಒಂದು ಇಲ್ಲಿ ಉಳದೈತಿ.”

ನಾನು ಎದ್ದು ಹೋಗಿ ಪೇಟಿ ತಂದೆ. ಇವರು ನನ್ನ ಮುಖ ನೋಡಿದರು. ಸೂತಕದ ಮನೆ, ಪೇಟಿ ಮುಟ್ಟುವುದು ಸರಿಯೋ ಅಲ್ಲವೋ ಎಂದು ಅವರ ಕಣ್ಣಿನಲ್ಲಿತ್ತು. ನಾನು ನೋಡದವಳ ಹಾಗೆ ಸಾ ಹಿಡಿದೆ. ಪ ಪ ಧ ಪ. ಮಿಜೋ ಮಾತುಗಳು ನನ್ನ ಬಾಯಿಯಲ್ಲಿ ಸೊಟ್ಟಗಿದ್ದವು. ಅವಳು ತಲೆ ಎತ್ತಿದಳು. ಏನಾಗುತ್ತಿದೆ ಎಂದು ಅವಳಿಗೆ ತಿಳಿಯಲಿಲ್ಲ. ಮೊದಲ ಸಾಲು, ಎರಡನೆಯ ಸಾಲು, ಅವಳು ನನ್ನನ್ನು ನೋಡುತ್ತಲೇ ಇದ್ದಳು. ಕೊನೆಯ ಸಾಲಿಗೆ ಮುಂಚೆ ನಾನು ಉಸಿರು ಹಿಡಿದು ನಿಂತೆ. ಆಗ ಅವಳಿಗೆ ಅಳು ಒಡೆದು ಬಂತು. “ಇದು ನಮ್ಮವ್ವಂದು” ಎಂದಳು. “ಇದು ನಮ್ಮವ್ವ ನಿಲ್ಲೂ ಜಾಗಾ.”

“ಆಕೀನs ಕಲಿಸ್ಯಾಳವಾ. ಬಾ” ಎಂದೆ. ಮತ್ತೆ ಮೊದಲಿನಿಂದ ಎತ್ತಿದೆ. ಅವಳು ಬಂದಳು. ಅಳುತ್ತಲೇ ಬಂದಳು, ಆದರೆ ಒಂದು ಸ್ವರ ಜಾರಲಿಲ್ಲ. ತಿಂಗಳುಗಟ್ಟಲೆ ಆ ಹಾಡನ್ನು ನಾನು ಒಬ್ಬಳೇ ಹಾಡಿದ್ದೆನಲ್ಲ, ಅದು ಹಾಡಿನ ಒಂದು ತುದಿ ಮಾತ್ರ ಎಂದು ಆವತ್ತು ತಿಳಿಯಿತು.

ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಸುದ್ದಿ ತಿಳಿದು ಮಾತಾಡಿಸಲು ಬಂದ ಮಂಡಳಿಯವರು, ಮುಂದೆ ರಾಜೇಶ್ವರಿ, ಹಿಂದೆ ಬಾಳಮ್ಮ, ಇನ್ನೂ ಮೂರ್ನಾಲ್ಕು ಜನ. ರಾಜೇಶ್ವರಿ ಹೊಸ್ತಿಲಲ್ಲೇ ನಿಂತಳು. “ಇದೇನ್ರಿ ಬಾಯಾರ, ಸತ್ತ ಸುದ್ದಿ ಬಂದ ಮನ್ಯಾಗ ಪೇಟಿ ತಗದೀರಿ? ಜನಾ ಏನ್ ಅಂದಾರು?”

ನಾನು ಬಾಯಿ ತೆರೆಯುವ ಮೊದಲೇ ಬಾಳಮ್ಮ ಅವಳನ್ನು ಸರಿಸಿಕೊಂಡು ಒಳಗೆ ಬಂದಳು. ಹೊರ್ತಿಯ ಹೆಣ್ಣುಮಗಳು, ಅವಳ ದನಿ ನಿನಗೆ ಗೊತ್ತಲ್ಲ. “ಯಾಕ, ಯಾಕ ಹಾಡಬಾರ್ದು? ನಮ್ಮೊಳಗ ಹೆಣಾ ಕುಂದ್ರಿಸಿ ಬೆಳತನಕ ಭಜನಿ ಮಾಡೂದಿಲ್ಲೇನು? ನಮ್ಮವ್ವ ಹೋದಾಗ ಹೊರ್ತ್ಯಾಗ ಎರಡು ಮ್ಯಾಳ ಕೂಡಿದ್ವು.” ರಿನಿಯ ಮಗ್ಗುಲಲ್ಲೇ ಕಾಲು ಮಡಿಚಿ ಕೂತಳು. “ಹಾಡವಾ, ನೀ ಹಾಡು. ನಿಮ್ಮವ್ವಗ ಮುಟ್ಟತೈತಿ. ನಿಮ್ಮಾಗ ಏನ್ ಬಾರಸ್ತಾರ, ಡೊಳ್ಳೋ ಹಲಗೀನೋ?”

“ಡೋಲು, ಯವ್ವಾ. ಸಾವಕಾಶ ಬಾರಸ್ತಾರ” ಎಂದಳು ರಿನಿ.

ಬಾಳಮ್ಮ ನಮ್ಮ ಢೋಲಕವನ್ನು ತೊಡೆಯ ಮೇಲೆ ಎಳೆದುಕೊಂಡಳು. ರಿನಿ ಅವಳ ಮುಂಗೈ ಹಿಡಿದು ಲಯ ತೋರಿಸಿದಳು, ನಾಡಿ ಹಿಡಿದು ನೋಡುವ ಹಾಗೆ. ಹಾಡಿನ ಮಾತು ಯಾರಿಗೂ ಬರುತ್ತಿರಲಿಲ್ಲ, ಉಳಿದವರು ಬರೀ ‘ಆ’ ಎಂದು ನನ್ನ ಸಾಲನ್ನು ಹಿಡಿದರು. ನಾವು ಐದಾರು ಹೆಂಗಸರು ಒಂದು ದನಿ, ಅವಳೊಬ್ಬಳು ಪಕ್ಕದ ದನಿ. ಯಾರೂ ಸೂರು ತಪ್ಪಿತು ಎನ್ನಲಿಲ್ಲ. ಇವರು ಎದ್ದು, ಸದ್ದಾಗುತ್ತದೆಂದು, ಆ ಸೆಕೆಯಲ್ಲಿ ಫ್ಯಾನು ಆರಿಸಿದರು. ರಾಜೇಶ್ವರಿ ಹೊಸ್ತಿಲ ಬಳಿಯೇ ಕೂತಿದ್ದಳು. ಹಾಡಲಿಲ್ಲ. ಎದ್ದೂ ಹೋಗಲಿಲ್ಲ.

ಅಂದಿನಿಂದ ಗುನುಗು ಮನೆಗೆ ಮರಳಿದೆ. ಕಾರ್ತಿಕದಿಂದ ರಿನಿ ಮಂಡಳಿಗೂ ಬರುತ್ತಿದ್ದಾಳೆ, ಬಾಳಮ್ಮನೇ ಬಂದು ಕರೆದುಕೊಂಡು ಹೋಗುತ್ತಾಳೆ. ಎಲ್ಲವೂ ಸರಿಹೋಗಿದೆ ಎಂದು ತಿಳಿಯಬೇಡ. ಭೈರವಿಗೆ ಬಂದರೆ ಅವಳ ಪಕ್ಕದ ಸಾಲು ದಾರಿ ತಪ್ಪಿ ಕಂಗಾಲಾಗುತ್ತದೆ. ಭೂಪದಲ್ಲಿ ನಮಗಿಬ್ಬರಿಗೂ ದಿನಾ ಜಗಳ. ನಾನು ರಿಷಭಕ್ಕೆ ಬಂದರೆ ಅವಳು ಕೆಳಗಿನ ನಿಷಾದ ಹಿಡಿಯುತ್ತಾಳೆ. “ಭೂಪದಾಗ ನಿ ಬರೂಹಂಗಿಲ್ಲವಾ” ಎಂದರೆ, “ಯಾಕ್ರಿ?” ಎನ್ನುತ್ತಾಳೆ. ಬರುವ ಹಾಗಿಲ್ಲ ಅಷ್ಟೇ, ನನ್ನ ಗುರುಗಳು ಹೇಳಿದ್ದು ಅಷ್ಟೇ, ಅವರನ್ನು ನಾನು ಕೇಳಿರಲಿಲ್ಲ. ಒಂದು ದಿನ ಅವಳು ಅದನ್ನು ಬಿಡುತ್ತಾಳೆ, ಇನ್ನೊಂದು ದಿನ ನಾನು ಹಲ್ಲುಕಚ್ಚಿ ಸಹಿಸುತ್ತೇನೆ. ರಾಜೇಶ್ವರಿ ಈಗಲೂ ಹುಬ್ಬು ಗಂಟು ಹಾಕಿಕೊಂಡೇ ತಾಳ ಹಾಕುತ್ತಾಳೆ. ಆದರೆ ಮೊನ್ನೆ ಸಿಂದಗಿಯಿಂದ ಬಂದ ಅವಳ ತಂಗಿ ಇದೇನು ಹೀಗೆ ಎಂದು ಮುಖ ಸಿಂಡರಿಸಿದಾಗ, “ಸುಮ್ನಿರು, ಅದು ಹಂಗs ಇರ್ತೈತಿ” ಎಂದು ಗದರಿದ್ದನ್ನು ಕಿವಿಯಾರೆ ಕೇಳಿದೆ.

ಬೆರಳು ನೋಯುತ್ತಿದೆ, ನಿಲ್ಲಿಸುತ್ತೇನೆ. ಉಪ್ಪಿನಕಾಯಿಯ ಭರಣಿ ಒಂದು ನಿನಗೆಂದು ತೆಗೆದಿಟ್ಟಿದ್ದೇನೆ. ಮಗಳಿಗೆ, ಅಳಿಯನಿಗೆ ನನ್ನ ಆಶೀರ್ವಾದ. ಮೊಮ್ಮಗಳು ನಿನ್ನ ಕಂಠ ಪಡೆಯಲಿ, ನೂರು ವರ್ಷ ಬಾಳಲಿ. ಧಾರವಾಡದ ಚಳಿಗೆ ಕಿವಿಗೆ ಸ್ಕಾರ್ಫು ಕಟ್ಟಿಕೊಳ್ಳದೆ ಹೊರಗೆ ಬೀಳಬೇಡ. ಪಾಂಡುರಂಗ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಇಂದೂ

ತಾ.ಕ.: ಇಷ್ಟು ಬರೆದು ಪಾಕೀಟಿಗೆ ಹಾಕಿದ್ದೆ. ಅಂಟಿಸಲು ಮನಸ್ಸಾಗದೆ ಮತ್ತೆ ತೆಗೆದೆ.

ಫೆಬ್ರುವರಿಯ ಆ ಏಕಾದಶಿಯಂದು ಯಾರೋ ಫೋನಿನಲ್ಲಿ ವಿಡಿಯೋ ಮಾಡಿದ್ದರು. ರಿನಿ ಅದನ್ನು ನನಗೆ ತೋರಿಸಿದ್ದು ಹೋದ ತಿಂಗಳು. ಊರಿನ ಗ್ರೂಪುಗಳಲ್ಲೆಲ್ಲ ತಿರುಗಿ ಅದು ದವಾಖಾನೆ ಮುಟ್ಟಿತ್ತಂತೆ, ಪೇಷಂಟಿನ ಕಡೆಯವರು ಅವಳೆದುರೇ ಹಚ್ಚಿ ನಗುತ್ತಿದ್ದರಂತೆ. ಅವಳು ಹಾಡು ಬಿಟ್ಟದ್ದು ರಾಜೇಶ್ವರಿಯ ಮಾತಿಗಲ್ಲ, ಇದಕ್ಕೆ. ಅದರಲ್ಲಿ ಅವಳು ಕಣ್ಣು ಮುಚ್ಚಿ ಹಾಡುತ್ತಿದ್ದಾಳೆ. ಫೋನಿನ ಹತ್ತಿರದಲ್ಲೇ ಒಬ್ಬ ಹೆಂಗಸಿನ ದನಿ, “ಚೀನಾದ ಬೆಕ್ಕು ನೋಡ್ರವಾ, ಹೆಂಗ ಮೀಂವ್ ಅನ್ನಾಕತ್ತೈತಿ” ಎಂದು ನಗುತ್ತದೆ. ಮುಖ ಕಾಣುವುದಿಲ್ಲ.

ವಿದ್ಯಾ, ನಲವತ್ತು ವರ್ಷ ಆ ದನಿಗೆ ಶ್ರುತಿ ಕೊಟ್ಟವಳು ನಾನು. ನನ್ನ ಎಡಗಡೆಯೇ ಕೂತು ನೀನು ನಕ್ಕದ್ದು ಆವತ್ತು ನನಗೆ ಕೇಳಿಸಲಿಲ್ಲ. ನನ್ನ ಕಿವಿಯೆಲ್ಲ ಹಿಂದೆ ಕೂತವಳ ಕಡೆಗಿತ್ತು. ವಿಡಿಯೋ ಮಾಡಿದ್ದು, ಊರಿಗೆ ಹಂಚಿದ್ದು ನೀನಲ್ಲ ಎಂದು ನಂಬಿದ್ದೇನೆ. ಆದರೆ ಬೆಕ್ಕು ಎಂದದ್ದು ನೀನು.

ಅದು ಯಾರ ದನಿ ಎಂದು ರಿನಿ ಕೇಳಿದಳು. ಗೊತ್ತಿಲ್ಲ ಎಂದೆ. ಆಗ ಹೊಸತಾಗಿ ಬಂದವಳು, ನಮ್ಮೆಲ್ಲರ ದನಿಯೂ ಅವಳಿಗೆ ಒಂದೇ ಥರ ಕೇಳಿಸುತ್ತಿದ್ದವಂತೆ. ಈಗ ಹಾಗಿಲ್ಲ. ಅವಳ ಕಿವಿ ನನ್ನ ಕಿವಿಗಿಂತ ಚುರುಕು. ಬರುವ ಏಕಾದಶಿಗೆ ಬಾ, ನಿನ್ನ ಜಾಗದಲ್ಲಿ ಯಾರನ್ನೂ ಕೂರಿಸಿಲ್ಲ. ನೀನು ಮೊದಲ ಸಾಲು ಎತ್ತುವಷ್ಟರಲ್ಲಿ ಅವಳು ಗುರುತು ಹಿಡಿಯುತ್ತಾಳೆ. ಅದಕ್ಕೆ, ಹಾಡುವ ಮೊದಲೇ ಅವಳಿಗೆ ನೀನೇ ಹೇಳಿಬಿಡು.